ಮನೆಪಾಲು ಮೊದಲು, ಪೇಟೆಪಾಲು ನಂತರ
(ರೈತ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಬಸ್ಸು ಕೃಷ್ಣೆಯನ್ನು ದಾಟುವ ಮೊದಲು ಕೊಲ್ಹಾರದಲ್ಲಿ ನಿಲ್ಲುತ್ತದೆ. ಅಲ್ಲಿ ಪ್ರಯಾಣಿಕರು ಕೇಳುವುದು ಮಣ್ಣಿನ ಗಡಿಗೆಯ ಗಟ್ಟಿ ಮೊಸರನ್ನು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅದರ ಮೇಲೆ ಕೊಲ್ಹಾರದ ಮೊಸರು ಎಂದರೆ ಈ ದಾರಿಯಲ್ಲಿ ತಿರುಗಾಡುವವರಿಗೆಲ್ಲ ಗೊತ್ತು. ಇಷ್ಟು ಹೆಸರು ತಂದ ಈ ಊಟ ಯಾವ ಹೋಟೆಲಿನವರು ಕಂಡುಹಿಡಿದದ್ದೂ ಅಲ್ಲ. ಇಲ್ಲಿಯ ಗೃಹಿಣಿ ತನ್ನ ಹೊಲದಲ್ಲಿ ಬೆಳೆದ ಜೋಳ, ಶೇಂಗಾ ಮತ್ತು ತನ್ನ ಹಿತ್ತಲಿನ ಎಮ್ಮೆಯ ಹಾಲನ್ನು ಹೊಂದಿಸಿಕೊಂಡು ಕಡಿಮೆ ಖರ್ಚಿನಲ್ಲಿ ಮನೆ ಮಂದಿಯ ಹೊಟ್ಟೆ ತುಂಬಿಸಲು ಮಾಡಿಕೊಂಡ ಏರ್ಪಾಡು ಇದು.

ಆದರೆ ಈಗ ಕೇಳಬೇಕಾದ ಪ್ರಶ್ನೆಯೊಂದಿದೆ. ಊರಿಗೆಲ್ಲ ರುಚಿಯಾದ ಈ ಊಟದಲ್ಲಿ, ಅದನ್ನು ಬೆಳೆದ ಮತ್ತು ಮಾಡಿದ ಮನೆಯ ಮಕ್ಕಳಿಗೆ, ಮುದುಕರಿಗೆ ಹಾಗೂ ಮಾಡಿ ಬಡಿಸುವ ತಾಯಿಗೆ ಎಷ್ಟು ಪಾಲು ಉಳಿಯುತ್ತದೆ? ಇಂದಿನ ಮಾತೆಲ್ಲ ಈ ಪಾಲಿನ ಬಗ್ಗೆಯೇ.

ಕಣದಲ್ಲಿ ಕೊಡುತ್ತಿದ್ದ ಆಯ

ಹಿಂದೆ ಕಣದಲ್ಲಿ ರಾಶಿಯಾದಾಗ ಧಾನ್ಯ ಮನೆಗೆ ಬರುವ ಮುಂಚೆಯೇ ಬಡಿಗ, ಕಂಬಾರ, ಕುಂಬಾರ, ಅಗಸ, ಹಡಪದ ಮೊದಲಾದವರಿಗೆ ಆಯ ಅಳೆದು ಕೊಡುತ್ತಿದ್ದರು. ವರ್ಷವಿಡೀ ದುಡಿದವರ ಪಾಲು ಮೊದಲು ಹೋಗಬೇಕು, ಉಳಿದದ್ದರ ಲೆಕ್ಕ ಆಮೇಲೆ ಎಂಬುದು ಅದರ ತಿರುಳು. ಬೆಳೆ ಕಡಿಮೆಯಾದ ವರ್ಷವೂ ಆಯ ತಪ್ಪುತ್ತಿರಲಿಲ್ಲ. ಪ್ರಮಾಣ ಮಾತ್ರ ಕಡಿಮೆಯಾಗುತ್ತಿತ್ತು.

ಇದೇ ನಿಯಮವನ್ನು ರೈತನು ತನ್ನ ಒಲೆಗೂ ಅನ್ವಯಿಸಬೇಕು. ಮನೆಯವರು ಮುಂದಿನ ರಾಶಿಯವರೆಗೆ ಉಣ್ಣಲು ಬೇಕಾದ ಜೋಳ, ಬೇಳೆಕಾಳು, ಶೇಂಗಾ, ದಿನದ ಹಾಲು, ಇವುಗಳನ್ನು ಮೊದಲೇ ಎತ್ತಿಡಬೇಕು. ಇದನ್ನು ಮನೆಪಾಲು ಎನ್ನಬಹುದು. ಮನೆಪಾಲು ತೆಗೆದ ಮೇಲೆ ಉಳಿದದ್ದು ಪೇಟೆಪಾಲು. ಈಗ ಅನೇಕ ಕಡೆ ಇದು ತಿರುವುಮುರುವಾಗಿದೆ. ಬೆಳೆದದ್ದೆಲ್ಲ ಒಮ್ಮೆಲೆ ಪೇಟೆಗೆ ಹೋಗುತ್ತದೆ. ಅಲ್ಲಿಂದ ಬಂದ ಹಣದಲ್ಲಿ ಸಾಲ, ಗೊಬ್ಬರ, ಮದುವೆ, ಮೊಬೈಲು ಎಂದು ಎಲ್ಲವೂ ಮುಗಿದು, ಉಳಿದ ಚಿಲ್ಲರೆಯಲ್ಲಿ ಗೃಹಿಣಿ ವಾರದ ಸಂತೆ ಮಾಡಬೇಕು. ಮಿತವ್ಯಯ ಎಂದು ಆಕೆಗೆ ಹೇಳುವ ಬುದ್ಧಿಮಾತೆಲ್ಲ ಆ ಚಿಲ್ಲರೆಯ ಮೇಲೆಯೇ ನಿಂತಿರುತ್ತದೆ. ಚಿಲ್ಲರೆಯಲ್ಲಿ ಮೊದಲು ಕಡಿತವಾಗುವುದು ಬೇಳೆ ಮತ್ತು ಹಾಲು. ಚಹ, ಸಕ್ಕರೆಗಳಲ್ಲಿ ಕಡಿತವಾಗುವುದು ಕಡಿಮೆ.

ಊರು ಸ್ಥಳಾಂತರವಾದ ಮೇಲೆ

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕೊಲ್ಹಾರಕ್ಕೆ ಈ ಮಾತು ಹೆಚ್ಚು ಸಲ್ಲುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಡೆಯಾಗಿ, ಊರು ಹೊಸ ಜಾಗಕ್ಕೆ ಬಂತು. ಹೊಳೆಸಾಲಿನ ಹೊಲ, ಮೇವಿನ ದಡ, ಹಳೆಯ ಹಿತ್ತಲುಗಳನ್ನು ಕಳೆದುಕೊಂಡ ಕುಟುಂಬಗಳಲ್ಲಿ ಸಂಸಾರದ ಬಗೆಯೇ ಬದಲಾಯಿತು. ಹಿಂದೆ ಕೈಚಾಚಿದರೆ ಸಿಗುತ್ತಿದ್ದ ಸೊಪ್ಪು, ಕಾಯಿ, ಕಟ್ಟಿಗೆ, ಮೇವುಗಳಿಗೆ ಹಣ ಕೊಡುವುದು ಅನಿವಾರ್ಯವಾಯಿತು. ಪರಿಹಾರದ ಹಣ ಒಮ್ಮೆ ಬಂದು ಹೋಗುವಂಥದು. ಹಿತ್ತಲು ದಿನವೂ ಕೊಡುತ್ತಿದ್ದಂಥದು. ಆದ್ದರಿಂದ ಹೊಸ ಜಾಗದಲ್ಲಿ ಮನೆ ನಡೆಸುವ ತಾಯಿಗೆ ಹಿಂದಿಗಿಂತ ಹೆಚ್ಚು ಲೆಕ್ಕಾಚಾರ ಬೇಕಾಗಿದೆ.

ಐದು ಜನರ ಮನೆಗೆ ವರ್ಷದ ಲೆಕ್ಕ

ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಇರುವ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಜೋಳ: ಹೊಲದಲ್ಲಿ ದುಡಿಯುವ ಇಬ್ಬರಿಗೆ ತಲಾ 400 ಗ್ರಾಂ, ಅತ್ತೆಗೆ 250 ಗ್ರಾಂ, ಮಕ್ಕಳಿಗೆ ತಲಾ 200 ಗ್ರಾಂ ಎಂದರೆ ದಿನಕ್ಕೆ ಸುಮಾರು ಒಂದೂವರೆ ಕಿಲೊ. ವರ್ಷಕ್ಕೆ ಐದೂವರೆ ಕ್ವಿಂಟಲ್. ಬೀಗರು, ಹಬ್ಬ, ಆಳುಗಳ ಊಟ ಸೇರಿಸಿ 6 ಕ್ವಿಂಟಲ್ ಎತ್ತಿಡಬೇಕು. ಬಿತ್ತನೆಯ ಬೀಜ ಇದರಲ್ಲಿ ಸೇರಿಲ್ಲ. ಮಾಲದಂಡಿ ಎಂ. 35-1ರಂಥ ಹಿಂಗಾರಿ ಜೋಳದ ರೊಟ್ಟಿ ಬೆಳ್ಳಗಾಗಿ, ರುಚಿಯಾಗಿ ಬರುವುದರಿಂದ ಮನೆಗೆ ಅದನ್ನೇ ಇಟ್ಟುಕೊಳ್ಳುವುದು ರೂಢಿ.

ಬೇಳೆಕಾಳು: ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಸಸಾರಜನಕದ ಗುಣ ಹೆಚ್ಚುತ್ತದೆ. ಅಷ್ಟು ಸಾಧ್ಯವಾಗದ ಮನೆಯಲ್ಲಿಯೂ ಐದು ಜನಕ್ಕೆ ದಿನಕ್ಕೆ 350 ಗ್ರಾಂಗೆ ಕಡಿಮೆಯಾಗಬಾರದು. ಇದರಲ್ಲಿ 200 ಗ್ರಾಂ ತೊಗರಿಬೇಳೆ, ಉಳಿದ 150 ಗ್ರಾಂ ಕಡಲೆ, ಹೆಸರು, ಮಡಕಿ ಇರಲಿ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕಿಲೊ ಬೇಳೆ ಸಿಗುತ್ತದೆ. ದಿನಕ್ಕೆ 200 ಗ್ರಾಂನಂತೆ ಇದು 350 ದಿನಕ್ಕೆ ಸಾಕು. ಇದರ ಜೊತೆ ಕಡಲೆ 30 ಕಿಲೊ, ಹೆಸರು 15 ಕಿಲೊ, ಮಡಕಿ 10 ಕಿಲೊ ಇಟ್ಟುಕೊಂಡರೆ ವರ್ಷ ಸಾಗುತ್ತದೆ.

ಶೇಂಗಾ: ಹಿಂಡಿಗೆ, ಪಲ್ಯದ ಪುಡಿಗೆ, ಮಕ್ಕಳ ಉಂಡಿಗೆ ಸೇರಿ ದಿನಕ್ಕೆ 100 ಗ್ರಾಂ ಕಾಳು ಬೇಕು. ಅರ್ಧ ಕ್ವಿಂಟಲ್‌ಗಿಂತ ತುಸು ಹೆಚ್ಚು ಶೇಂಗಾ ಕಾಯಿ ಎತ್ತಿಟ್ಟರೆ ಇದು ಆಗುತ್ತದೆ. ಅಗಸಿ ಮತ್ತು ಗುರೆಳ್ಳನ್ನು ಬದುವಿನ ಬದಿಗೆ ನಾಲ್ಕು ಸಾಲು ಬಿತ್ತಿಕೊಂಡರೂ ಮನೆಯ ಹಿಂಡಿಗೆ ಸಾಲುತ್ತದೆ.

ಈ ಅಂಕಿಗಳು ಅಂದಾಜಿನವು. ತಮ್ಮ ಮನೆಯ ಜನ, ವಯಸ್ಸು, ದುಡಿಮೆಗೆ ತಕ್ಕಂತೆ ಗೃಹಿಣಿಯೇ ಇವನ್ನು ತಿದ್ದಿಕೊಳ್ಳಬೇಕು. ಎಷ್ಟು ಎತ್ತಿಡಬೇಕೆಂಬುದನ್ನು ದಿನವೂ ಹಿಟ್ಟು ನಾದುವ ಕೈಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದ್ದರಿಂದ ರಾಶಿಯ ದಿನ ಆಕೆಯನ್ನು ಕೇಳದೆ ಚೀಲ ಹೊಲಿಯಬಾರದು.

ಮಾರಿ ಕೊಂಡರೆ ಆಗದೆ?

ತೊಗರಿಯನ್ನೆಲ್ಲ ಮಾರಿ, ಬೇಕಾದಾಗ ಬೇಳೆ ಕೊಂಡರಾಯಿತು ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಬೇಕು. ಕೇಂದ್ರ ಸರ್ಕಾರವು 2025-26ರ ಹಂಗಾಮಿಗೆ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅದೇ ಒಂದು ಕ್ವಿಂಟಲ್ ತೊಗರಿಯಿಂದ ಬರುವ 70 ಕಿಲೊ ಬೇಳೆಯನ್ನು ಕಿಲೊಗೆ 120 ರೂಪಾಯಿಯಂತೆ ಕೊಂಡರೆ 8,400 ರೂಪಾಯಿ ಬೀಳುತ್ತದೆ. ಬೇಳೆ ಮಾಡಿಸುವ ಕೂಲಿಯನ್ನು ಕಳೆದರೆ ಉಳಿತಾಯ ಅತ್ಯಲ್ಪ. ಹೊಟ್ಟು ಮತ್ತು ನುಚ್ಚು ಎಮ್ಮೆಗೆ ಸಿಗುತ್ತವೆ ಎಂಬುದಷ್ಟೇ ಹೆಚ್ಚಿನ ಲಾಭ. ದರ ಏರಿದ ವರ್ಷ ಈ ಲೆಕ್ಕ ಬೇರೆಯಾಗಬಹುದು.

ಹಾಗಾದರೆ ಮನೆಪಾಲು ಏಕೆ? ಲಾಭ ಕಾಣುವುದು ತಟ್ಟೆಯಲ್ಲಿ. ಬೇಳೆಯ ಡಬ್ಬಿ ಮನೆಯಲ್ಲಿ ತುಂಬಿದ್ದರೆ ತಾಯಿ ಕೈ ಬಿಚ್ಚಿ ಬೇಯಿಸುತ್ತಾಳೆ. ಕಾಲು ಕಿಲೊ, ಅರ್ಧ ಕಿಲೊ ಎಂದು ಅಂಗಡಿಯಿಂದ ತರುವಾಗ ಎರಡು ದಿನದ ಬೇಳೆಯನ್ನು ನಾಲ್ಕು ದಿನಕ್ಕೆ ಎಳೆಯುತ್ತಾಳೆ. ಸಾರು ನೀರಾಗುತ್ತದೆ. ಜನವರಿಯಲ್ಲಿ ತೊಗರಿ ಮಾರಿದ ಹಣ ಆಷಾಢದಲ್ಲಿ ಬೇಳೆ ಕೊಳ್ಳಲು ಉಳಿದಿರುವುದೂ ಅಪರೂಪ. ಮುಂಗಾರಿನ ಬಿತ್ತನೆಯ ಖರ್ಚಿನ ತಿಂಗಳುಗಳಲ್ಲಿಯೇ ಮನೆಯ ಡಬ್ಬಿ ಬರಿದಾಗುತ್ತದೆ, ಹೊಲದ ದುಡಿಮೆ ಮಾತ್ರ ಆಗಲೇ ಹೆಚ್ಚು.

ಗಡಿಗೆಯ ಮೊಸರು ಮತ್ತು ಮನೆಯ ಹಾಲು

ಕೊಲ್ಹಾರದ ಮೊಸರು ಗಟ್ಟಿಯಾಗಲು ಕಾರಣಗಳಿವೆ. ಎಮ್ಮೆಯ ಹಾಲಿನಲ್ಲಿ ಜಿಡ್ಡು ಮತ್ತು ಘನಾಂಶ ಹೆಚ್ಚು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿದಾಗ ನೀರು ಇಂಗಿ ಹಾಲು ಇನ್ನಷ್ಟು ಮಂದವಾಗುತ್ತದೆ. ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿಟ್ಟರೆ, ಗಡಿಗೆಯ ಸೂಕ್ಷ್ಮ ರಂಧ್ರಗಳು ನೀರನ್ನು ಹೀರುತ್ತವೆ. ಹೊರಮೈಯಿಂದ ಆ ನೀರು ಆವಿಯಾಗುವಾಗ ಗಡಿಗೆ ತಣ್ಣಗಿರುತ್ತದೆ. ಇದರಿಂದ ಮೊಸರು ಬೇಗ ಹುಳಿಯಾಗುವುದಿಲ್ಲ. ಗಡಿಗೆಯನ್ನು ಮತ್ತೆ ಬಳಸುವುದಾದರೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಇಲ್ಲದಿದ್ದರೆ ರಂಧ್ರಗಳಲ್ಲಿ ಉಳಿದ ಹಳೆಯ ಹುಳಿ ಹೊಸ ಮೊಸರನ್ನು ಕೆಡಿಸುತ್ತದೆ.

ಎಮ್ಮೆ ದಿನಕ್ಕೆ 4 ಲೀಟರ್ ಹಾಲು ಕೊಡುತ್ತದೆ ಎನ್ನೋಣ. ಅದರಲ್ಲಿ ಒಂದು ಲೀಟರ್ ಮನೆಪಾಲು. ಮಕ್ಕಳಿಬ್ಬರಿಗೆ ತಲಾ 200 ಮಿಲಿಲೀಟರ್ ಹಾಲು, ಉಳಿದದ್ದು ಮನೆ ಮಂದಿಯ ಮೊಸರು, ಮಜ್ಜಿಗೆಗೆ. ಮೂರು ಲೀಟರ್ ಮೊಸರಾಗಿ ಮಾರಾಟಕ್ಕೆ ಹೋಗಲಿ. ಎಮ್ಮೆ ಹಾಲು ಕಡಿಮೆ ಮಾಡಿದಾಗ ಇಳಿಯಬೇಕಾದದ್ದು ಮಾರಾಟದ ಗಡಿಗೆ, ಮಕ್ಕಳ ಲೋಟವಲ್ಲ. ಬೆಣ್ಣೆ, ತುಪ್ಪ ಮಾರುವ ಮನೆಯವರು ಒಂದು ಸಂಗತಿಯನ್ನು ನೆನಪಿಡಬೇಕು. ಕಡೆದಾಗ ಹೋಗುವುದು ಮುಖ್ಯವಾಗಿ ಜಿಡ್ಡು. ಸಸಾರಜನಕ ಮತ್ತು ಸುಣ್ಣದ ಅಂಶ ಮಜ್ಜಿಗೆಯಲ್ಲಿ ಉಳಿದಿರುತ್ತವೆ. ಆದ್ದರಿಂದ ಬೆಣ್ಣೆ ಮಾರಿ ಮಜ್ಜಿಗೆಯನ್ನು ಮನೆಯವರು ಕುಡಿಯುವುದು ಜಾಣತನದ ವ್ಯವಹಾರ. ಬೇಸಿಗೆಯಲ್ಲಿ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿದರೆ ಹೊಲಕ್ಕೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಪೇಯ ಬೇಕಿಲ್ಲ.

ಕಡಿಮೆ ಖರ್ಚಿನ ಪೂರ್ಣ ಊಟ

ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಹಿಂಡಿ, ಮಜ್ಜಿಗೆ ಈ ಐದು ಒಂದು ತಟ್ಟೆಯಲ್ಲಿ ಸೇರಿದರೆ ಊಟ ಪೂರ್ಣವಾಗುತ್ತದೆ. ಜೋಳದಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ಸಸಾರಜನಕ, 4 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣಾಂಶ ಒಂದು ಮಿಲಿಗ್ರಾಂಗೂ ಕಡಿಮೆ. ಪಡಿತರದ ಅಕ್ಕಿ ಮನೆಗೆ ಬರುವುದು ಒಳ್ಳೆಯದೇ. ಆದರೆ ಅನ್ನ ಬಂದಿತೆಂದು ರೊಟ್ಟಿಯನ್ನು ಬಿಡಬಾರದು. ಹಗಲಿಗೆ ರೊಟ್ಟಿ, ರಾತ್ರಿಗೆ ಸ್ವಲ್ಪ ಅನ್ನ ಎಂಬ ಹೊಂದಾಣಿಕೆ ಸರಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ಪಟ್ಟಣದವರು ಹುಡುಕಿಕೊಂಡು ಹೋದ ಜೋಳ ಮತ್ತು ಸಜ್ಜೆ ಇಲ್ಲಿಯ ಒಲೆಯ ಮೇಲೆ ತಲೆತಲಾಂತರದಿಂದ ಇದ್ದವುಗಳೇ.

ವಾರದ ಅಡಿಗೆಯನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಂತೆಯ ಖರ್ಚು ಹಿಡಿತದಲ್ಲಿರುತ್ತದೆ. ಒಂದು ಮಾದರಿ ಹೀಗಿರಬಹುದು.

ಸೋಮವಾರ: ರೊಟ್ಟಿ, ತೊಗರಿಬೇಳೆ ಹಾಕಿದ ಮೆಂತ್ಯ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ.
ಮಂಗಳವಾರ: ರೊಟ್ಟಿ, ಮೊಳಕೆ ಬರಿಸಿದ ಮಡಕಿ ಕಾಳಿನ ಪಲ್ಯ, ಸೌತೆಕಾಯಿ ಅಥವಾ ಮೂಲಂಗಿ, ಮೊಸರು.
ಬುಧವಾರ: ರೊಟ್ಟಿ, ಜೋಳದ ನುಚ್ಚು ಮತ್ತು ಬೇಳೆ ಕೂಡಿಸಿ ಬೇಯಿಸಿದ ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ.
ಗುರುವಾರ: ರೊಟ್ಟಿ, ಕಡಲೆ ಹಿಟ್ಟಿನ ಝುಣಕ, ಅಗಸಿ ಹಿಂಡಿ, ಮಜ್ಜಿಗೆ.
ಶುಕ್ರವಾರ: ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬೇಳೆಯ ಸಾರು, ಅನ್ನ.
ಶನಿವಾರ: ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಮೊಸರು.
ಭಾನುವಾರ: ಸಂತೆಯ ತರಕಾರಿ ಅಥವಾ ತತ್ತಿ, ರೊಟ್ಟಿ, ಅನ್ನ, ಸಾರು. ಮಾಂಸಾಹಾರಿಗಳು ತಮ್ಮ ರೂಢಿಯಂತೆ.

ಸೊಪ್ಪಿಗೆ ಹಣ ಕೊಡಬೇಕಾದ ಅಗತ್ಯ ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಹಿಂಗಾರಿ ಹೊಲದಲ್ಲಿ ಹಕ್ಕರಕಿ ಸಿಗುತ್ತದೆ. ಕಡಲೆಯ ಎಳೆಯ ಕುಡಿ ಚಿವುಟಿ ಪಲ್ಯ ಮಾಡಬಹುದು. ಅದನ್ನೇ ನೆರಳಿನಲ್ಲಿ ಒಣಗಿಸಿಟ್ಟರೆ ಬೇಸಿಗೆಗೂ ಬರುತ್ತದೆ. ಎಳೆಯ ಕುಸುಬಿಯ ಎಲೆಯೂ ಪಲ್ಯಕ್ಕೆ ಒಳ್ಳೆಯದು. ಔಷಧಿ ಸಿಂಪಡಿಸಿದ ಹೊಲದ ಸೊಪ್ಪನ್ನು ಮಾತ್ರ ಮುಟ್ಟಬಾರದು. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಎರಡು ಪಪ್ಪಾಯಿ ಹಚ್ಚಿದರೆ ವರ್ಷದೊಳಗೆ ಫಲ ಕಾಣುತ್ತದೆ. ಪಿ.ಕೆ.ಎಂ.-1 ನುಗ್ಗೆಯನ್ನು ಬೀಜದಿಂದಲೇ ಬೆಳೆಸಬಹುದು. ನುಗ್ಗೆಸೊಪ್ಪನ್ನು ಬೇಳೆಯೊಡನೆ ಬೇಯಿಸಿದರೆ ರೊಟ್ಟಿಗೆ ಸೊಗಸಾಗಿ ಹೊಂದುತ್ತದೆ.

ಕಾಳುಗಳನ್ನು ರಾತ್ರಿಯೇ ನೆನೆಹಾಕಿ, ಪಾತ್ರೆಗೆ ಮುಚ್ಚಳ ಹಾಕಿ ಅಥವಾ ಕುಕ್ಕರಿನಲ್ಲಿ ಬೇಯಿಸಿದರೆ ಉರುವಲು ಉಳಿಯುತ್ತದೆ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ನೀರಿನೊಡನೆ ಹೋಗುತ್ತದೆ. ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ಇಲ್ಲಿಯ ಪದ್ಧತಿ ಬಹಳ ಒಳ್ಳೆಯದು. ಜೋಳದ ಹಿಟ್ಟನ್ನು ವಾರಕ್ಕೆ ಆಗುವಷ್ಟೇ ಬೀಸಿಸಬೇಕು. ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಬಿಡುವಿನ ದಿನ ಕಡಕ್ ರೊಟ್ಟಿ ಮಾಡಿಟ್ಟರೆ ಕಳೆ ಕೀಳುವ, ರಾಶಿ ಮಾಡುವ ಅವಸರದ ದಿನಗಳಲ್ಲಿ ಒಲೆಯ ಮುಂದಿನ ಹೊತ್ತು ಉಳಿಯುತ್ತದೆ.

ತಾಯಿಯ ತಟ್ಟೆ

ಇಷ್ಟೆಲ್ಲ ಮಾಡಿದ ತಾಯಿ ಉಣ್ಣುವುದು ಕಡೆಗೆ. ಗಂಡ, ಅತ್ತೆ, ಮಕ್ಕಳು ಉಂಡ ಮೇಲೆ ಉಳಿದ ರೊಟ್ಟಿ, ಪಾತ್ರೆಯ ತಳದ ಸಾರು ಆಕೆಯ ಪಾಲು. ಪಲ್ಯ ಮುಗಿದಿದ್ದರೆ ಖಾರ, ಉಪ್ಪು ಹಚ್ಚಿಕೊಂಡು ಉಣ್ಣುತ್ತಾಳೆ. ಇದನ್ನು ತ್ಯಾಗವೆಂದು ಹೊಗಳುವ ಬದಲು ಇದರ ಫಲವೇನೆಂದು ನೋಡಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮುಟ್ಟು ನಿಲ್ಲದ ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವಳಿಗೆ ಕಡಿಮೆ ಸಿಗುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅಂದರೆ ಇಂಥ ಸಭೆಯಲ್ಲಿ ಕುಳಿತ ಪ್ರತಿ ಇಬ್ಬರು ಹೆಂಗಸರಲ್ಲಿ ಹೆಚ್ಚು ಕಡಿಮೆ ಒಬ್ಬಳು. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ, ಕೈಕಾಲು ಸೋಲುವುದು, ಇವನ್ನು ಹೆಣ್ಣಿನ ಜನ್ಮದ ಕಷ್ಟವೆಂದು ತಿಳಿದು ಸುಮ್ಮನಿರಬಾರದು. ಬಸುರಿಯಲ್ಲಿ ರಕ್ತ ಕಡಿಮೆಯಾದರೆ ಹೆರಿಗೆಯ ವೇಳೆ ತಾಯಿಯ ಜೀವಕ್ಕೇ ಅಪಾಯ. ಹುಟ್ಟುವ ಕೂಸಿನ ತೂಕವೂ ಕಡಿಮೆಯಾಗಬಹುದು.

ಲೆಕ್ಕ ಹಾಕಿ ನೋಡಿ. 300 ಗ್ರಾಂ ಜೋಳದಿಂದ ಸುಮಾರು 12 ಮಿಲಿಗ್ರಾಂ ಕಬ್ಬಿಣಾಂಶ ಬರುತ್ತದೆ. ಉಳಿದದ್ದು ಬೇಳೆ, ಸೊಪ್ಪು, ಹಿಂಡಿಗಳಿಂದಲೇ ಬರಬೇಕು. ಕಡೆಗೆ ಉಣ್ಣುವವಳಿಗೆ ತಪ್ಪುವುದು ಸರಿಯಾಗಿ ಅವೇ. ಆದ್ದರಿಂದ ಅಡಿಗೆ ಮುಗಿದ ಕೂಡಲೇ, ಯಾರಿಗೂ ಬಡಿಸುವ ಮೊದಲು, ತಾಯಿಯ ಪಲ್ಯ ಮತ್ತು ಬೇಳೆಯನ್ನು ಒಂದು ಬಟ್ಟಲಲ್ಲಿ ತೆಗೆದು ಮುಚ್ಚಿಡಬೇಕು. ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಮೊದಲ ತುತ್ತು ಕೊಟ್ಟು, ಮನೆ ಮಂದಿಯೆಲ್ಲ ಸಾಲಾಗಿ ಕುಳಿತು ಉಣ್ಣುವ ಪದ್ಧತಿ ಈ ಭಾಗದಲ್ಲಿದೆ. ಭೂಮಿತಾಯಿಗೆ ಮೊದಲು ಬಡಿಸಲು ಬಲ್ಲ ಮನೆಯವರು ಮನೆಯ ತಾಯಿಗೂ ಸರಿಪಾಲು ಬಡಿಸಬಲ್ಲರು.

ಕಬ್ಬಿಣಾಂಶ ಮೈಗೆ ಹತ್ತಲು ಹುಳಿಯ ಜೀವಸತ್ವ ‘ಸಿ’ ನೆರವಾಗುತ್ತದೆ. ಇಂಡಿ, ಸಿಂದಗಿಯ ಕಡೆ ಲಿಂಬೆಗೆ ಬರವಿಲ್ಲ. ಪಲ್ಯದ ಮೇಲೆ ಅರ್ಧ ಹೋಳು ಲಿಂಬೆ ಹಿಂಡಿಕೊಳ್ಳುವುದಕ್ಕೆ ಖರ್ಚು ಎಷ್ಟು? ಚಹದ ಒಗರು ಇದಕ್ಕೆ ವಿರುದ್ಧ. ಅದು ಕಬ್ಬಿಣಾಂಶ ಹತ್ತದಂತೆ ತಡೆಯುತ್ತದೆ. ಊಟದ ಹಿಂದೆ ಮುಂದೆ ಒಂದು ತಾಸು ಚಹ ಕುಡಿಯಬಾರದು. ಹಸಿವಾದಾಗ ಚಹ ಕುಡಿದು ಹೊಲಕ್ಕೆ ಹೋಗುವ ರೂಢಿಯನ್ನು ಹೆಂಗಸರು ಮೊದಲು ಬಿಡಬೇಕು. ಬಸುರಿಯರು ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಗಳನ್ನು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಬರೀ ಊಟದಿಂದ ಆ ಕೊರತೆ ತುಂಬುವುದಿಲ್ಲ.

ಮಕ್ಕಳ ಕೈಯಲ್ಲಿ ಏನಿದೆ?

ಇಬ್ಬರು ಮಕ್ಕಳಿಗೆ ದಿನಕ್ಕೆ ಐದು ರೂಪಾಯಿಯ ಒಂದೊಂದು ಬಿಸ್ಕತ್ತು ಅಥವಾ ಕುರುಕಲು ಪೊಟ್ಟಣವೆಂದರೆ ತಿಂಗಳಿಗೆ 300 ರೂಪಾಯಿ, ವರ್ಷಕ್ಕೆ 3,600 ರೂಪಾಯಿ. ಮೇಲೆ ಹೇಳಿದ ಬೆಂಬಲ ಬೆಲೆಯಲ್ಲಿ ಇದು 45 ಕಿಲೊ ತೊಗರಿಯ ಬೆಲೆ. ಅಷ್ಟು ತೊಗರಿಯನ್ನು ರೈತ ಬೆಳೆದು, ಕೊಯ್ದು, ಹೊತ್ತು ಮಾರಿ, ಅದರ ಬದಲು ಮೈದಾ, ಸಕ್ಕರೆ, ಉಪ್ಪು, ಕರಿದ ಎಣ್ಣೆ ತಂದಂತಾಯಿತು. ಹುರಿದ ಶೇಂಗಾ ಮತ್ತು ಬೆಲ್ಲ ಕುಟ್ಟಿ ಕಟ್ಟಿದ ಉಂಡಿ, ಹುರಿಗಡಲೆ, ಜೋಳದ ಅರಳು, ತುಪ್ಪ ಸವರಿದ ರೊಟ್ಟಿಯ ಸುರುಳಿ ಇವುಗಳಲ್ಲಿ ಯಾವುದಾದರೂ ಒಂದು ಮಕ್ಕಳ ಚೀಲದಲ್ಲಿರಲಿ.

ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಮೆದುವಾದ ಆಹಾರ ಆರಂಭಿಸಬೇಕು. ಜೋಳ ಮತ್ತು ಹೆಸರುಕಾಳನ್ನು ಬೇರೆ ಬೇರೆಯಾಗಿ ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಒಣಗಿಸಿ, ಮೊಳಕೆ ತಿಕ್ಕಿ ತೆಗೆದು, ಹುರಿದು, ಮೂರು ಪಾಲು ಜೋಳಕ್ಕೆ ಒಂದು ಪಾಲು ಹೆಸರಿನಂತೆ ಬೀಸಿದ ಹಿಟ್ಟಿನ ಗಂಜಿ ಇದಕ್ಕೆ ಯೋಗ್ಯ. ಮೊಳಕೆಯ ಹಿಟ್ಟಿನ ಗಂಜಿ ತೆಳ್ಳಗಿರುವುದರಿಂದ ಕಡಿಮೆ ನೀರಿನಲ್ಲಿ ಹೆಚ್ಚು ಹಿಟ್ಟು ಕೂಸಿನ ಹೊಟ್ಟೆ ಸೇರುತ್ತದೆ. ಇದರ ಜೊತೆ ಅಂಗನವಾಡಿಯ ಆಹಾರ ಮತ್ತು ಶಾಲೆಯ ಊಟವನ್ನು ಮಕ್ಕಳು ಹಕ್ಕಿನಿಂದ ಪಡೆಯಬೇಕು. ಆದರೆ ಶಾಲೆಯಲ್ಲಿ ಉಂಡರೆಂದು ಮನೆಯ ಪಾಲನ್ನು ಕಡಿಮೆ ಮಾಡಬಾರದು.

ಎತ್ತಿಟ್ಟದ್ದು ಕೆಡದಿರಲಿ

ಮನೆಪಾಲು ಹುಳುವಿನ ಪಾಲಾದರೆ ಎತ್ತಿಟ್ಟು ಫಲವಿಲ್ಲ. ಹಿಂದೆ ಹಗೇವುಗಳಲ್ಲಿ ಜೋಳವನ್ನು ವರ್ಷಗಟ್ಟಲೆ ಕಾಯುತ್ತಿದ್ದರು. ಈಗ ತಗಡಿನ ಕಣಜ ಅನುಕೂಲ. ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹಲ್ಲಿನಿಂದ ಕಡಿದಾಗ ಕಟ್ ಎಂದು ಮುರಿಯುವಂತಾದ ಮೇಲೆ, ಆರಿಸಿ ತುಂಬಬೇಕು. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಕಡಲೆ, ಹೆಸರು, ತೊಗರಿಗಳಿಗೆ ಕಿಲೊಗೆ 5 ಮಿಲಿಲೀಟರ್‌ನಂತೆ ಅಡಿಗೆಯ ಎಣ್ಣೆ ಸವರಿಟ್ಟರೆ ಕಾಳುಹುಳುವಿನ ಬಾಧೆ ಕಡಿಮೆ. ತಿನ್ನುವ ಕಾಳಿಗೆ ಹೊಲದ ಔಷಧಿಯನ್ನು ಎಂದೂ ಬೆರೆಸಬಾರದು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು.

ಶೇಂಗಾದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಬೂಷ್ಟು ಹಿಡಿದ, ಸುಕ್ಕಾದ, ಬಣ್ಣಗೆಟ್ಟ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುವ ಸಂಭವವಿದೆ. ಅದು ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯದನ್ನು ಪೇಟೆಗೆ ಕಳಿಸಿ ಜೊಳ್ಳನ್ನು ಮನೆಯ ಹಿಂಡಿಗೆ ಇಟ್ಟುಕೊಳ್ಳುವ ರೂಢಿ ಇಲ್ಲಿ ಅಪಾಯಕಾರಿ. ಅಂಥ ಕಾಳನ್ನು ದನಗಳಿಗೂ ಹಾಕದೆ ಎಸೆಯಬೇಕು.

ಉದ್ರಿಯ ಪುಸ್ತಕ ಮತ್ತು ಮನೆಯ ಪುಸ್ತಕ

ಕಿರಾಣಿ ಅಂಗಡಿಯಲ್ಲಿ ಪ್ರತಿ ಮನೆಯ ಉದ್ರಿ ಲೆಕ್ಕದ ಪುಸ್ತಕವಿರುತ್ತದೆ. ಮನೆಯಲ್ಲಿ ಮಾತ್ರ ಪುಸ್ತಕವಿರುವುದಿಲ್ಲ. ಉದ್ರಿ ತಂದವರು ದರ ಕೇಳುವ ಧೈರ್ಯ ಕಳೆದುಕೊಳ್ಳುತ್ತಾರೆ. ಶಾಲೆಯ ಹಳೆಯ ನೋಟುಬುಕ್ಕಿನಲ್ಲಿ ಮೂರು ಅಂಕಣ ಹಾಕಿದರೆ ಸಾಕು: ಬಂದ ಹಣ, ಊಟದ ಖರ್ಚು, ಇತರ ಖರ್ಚು. ಓದು ಬಾರದ ತಾಯಿಯ ಪರವಾಗಿ ಶಾಲೆಗೆ ಹೋಗುವ ಮಗಳೋ ಮಗನೋ ಬರೆಯಲಿ. ಮೂರು ತಿಂಗಳು ಬರೆದರೆ ಹಣ ಎಲ್ಲಿ ಸೋರುತ್ತಿದೆ ಎಂಬುದು ತಾನೇ ತಿಳಿಯುತ್ತದೆ. ಐದು ಜನ ದಿನಕ್ಕೆ ಎರಡು ಸಲ ಚಹ ಕುಡಿದು, ಸಲಕ್ಕೆ 10 ಗ್ರಾಂ ಸಕ್ಕರೆ ಹಾಕಿಕೊಂಡರೆ ತಿಂಗಳಿಗೆ 3 ಕಿಲೊ, ವರ್ಷಕ್ಕೆ 36 ಕಿಲೊ ಸಕ್ಕರೆಯಾಯಿತು. ಹನಿ ಹನಿ ಕೂಡಿ ಹಳ್ಳವಾಗುವುದು ಖರ್ಚಿನಲ್ಲಿಯೂ ನಿಜ.

ಮೊಸರು ಮಾರಿದ ಹಣವಾಗಲಿ, 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆಂದು ಗೊತ್ತುಮಾಡಿದ ತಿಂಗಳಿಗೆ 2,000 ರೂಪಾಯಿಯಾಗಲಿ, ಅದು ಆಕೆಯ ಕೈಯಲ್ಲಿಯೇ ಉಳಿದು ಆಕೆಯ ತೀರ್ಮಾನದಂತೆ ಖರ್ಚಾದರೆ ಅಡಿಗೆಮನೆ ಸುಧಾರಿಸುತ್ತದೆ.

ಹೊಲವಿಲ್ಲದವರು, ಕೂಲಿಯಿಂದ ಬದುಕುವವರು ಮನೆಪಾಲನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆ ಸಹಜ. ರಾಶಿಯ ಕಾಲದಲ್ಲಿ ಜೋಳ, ತೊಗರಿಗಳ ದರ ಇಳಿದಿರುತ್ತದೆ. ಆಗ ಸ್ತ್ರೀಶಕ್ತಿ ಸಂಘದ ಹತ್ತು ಹದಿನೈದು ಮನೆಯವರು ಕೂಡಿ, ರೈತರ ಕಣದಿಂದಲೇ ಒಟ್ಟಿಗೆ ಕೊಂಡು ಹಂಚಿಕೊಂಡರೆ ಮಳೆಗಾಲದ ಏರುದರದಿಂದ ತಪ್ಪಿಸಿಕೊಳ್ಳಬಹುದು. ಸುಗ್ಗಿಯ ಕೂಲಿಯಲ್ಲಿ ಸ್ವಲ್ಪವನ್ನು ಕಾಳಿನ ರೂಪದಲ್ಲಿ ಪಡೆಯುವುದೂ ಒಂದು ದಾರಿ. ವಿಸ್ತರಣಾ ಕಾರ್ಯಕರ್ತರು ಸಂಘಗಳಿಗೆ ಇದನ್ನು ಸುಗ್ಗಿಯ ಮುಂಚೆಯೇ ತಿಳಿಸಿ, ಹಣ ಹೊಂದಿಸಲು ನೆರವಾಗಬೇಕು.

ಮನೆಗೆಲಸಕ್ಕೂ ಬೆಲೆಯುಂಟು

‘ಆಕೆ ಏನೂ ಮಾಡುವುದಿಲ್ಲ, ಮನೆಯಲ್ಲಿ ಇರುತ್ತಾಳೆ’ ಎಂಬ ಮಾತು ಗಂಡಸರ ಬಾಯಲ್ಲಿ ಸಾಮಾನ್ಯ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ತಾಸು ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಮನೆಗೆಲಸಕ್ಕೆ ಕೈಹಾಕದ ಗಂಡಸರಂತೂ ಈ ಲೆಕ್ಕದಲ್ಲಿಯೇ ಇಲ್ಲ. ರೊಟ್ಟಿ ಬಡಿಯುವುದು, ಕಾಳು ಹಸನ ಮಾಡುವುದು, ಎಮ್ಮೆಗೆ ಮೇವು ಹಾಕುವುದು, ಹೆಪ್ಪು ಹಾಕುವುದು, ಕೂಸನ್ನು ನೋಡುವುದು ಇವೆಲ್ಲ ಒಕ್ಕಲುತನದ ಭಾಗವೇ. ಹಿಟ್ಟು ಬೀಸಿಸಿಕೊಂಡು ಬರುವುದು, ನೀರು ತುಂಬುವುದು, ಕಣಜ ಒಣಗಿಸುವುದು, ಸಂತೆಯ ಲೆಕ್ಕ ಬರೆಯುವುದು ಇವನ್ನು ಗಂಡಸರು ವಹಿಸಿಕೊಂಡರೆ ತಾಯಿಗೆ ಕುಳಿತು ಉಣ್ಣಲು ಅರ್ಧ ತಾಸು ಸಿಗುತ್ತದೆ.

ರೈತ ಬಾಂಧವರೆ, ಈ ವರ್ಷ ತೊಗರಿಯ ರಾಶಿಯಾದ ದಿನ ಮೂರು ಕೆಲಸ ಮಾಡಿ. ಮನೆಯವಳನ್ನು ಕಣಕ್ಕೆ ಕರೆದು ಮನೆಗೆ ಎಷ್ಟು ಬೇಕೆಂದು ಕೇಳಿ. ಆಕೆ ಹೇಳಿದಷ್ಟನ್ನು ಒಳ್ಳೆಯ ಕಾಳಿನಲ್ಲಿಯೇ ಅಳೆದು ಬೇರೆ ಚೀಲಕ್ಕೆ ಹಾಕಿ ಬಾಯಿ ಹೊಲಿಯಿರಿ. ಎಂಥ ಅಡಚಣೆ ಬಂದರೂ ಆ ಚೀಲವನ್ನು ಪೇಟೆಗೆ ಒಯ್ಯುವುದಿಲ್ಲವೆಂದು ಗಟ್ಟಿ ಮಾಡಿಕೊಳ್ಳಿ. ಸಹೋದರಿಯರೆ, ಆ ಚೀಲದ ಲೆಕ್ಕ ಹಾಕುವಾಗ ಮನೆ ಮಂದಿಯನ್ನು ಎಣಿಸುತ್ತ ನಿಮ್ಮನ್ನು ಬಿಟ್ಟು ಎಣಿಸಬೇಡಿ.